ಚಿತ್ರವನ್ನು ಕುಗ್ಗಿಸಿದ ಕಥೆ

ಗುಜರಾತಿನಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ನೆನಪುಗಳು ಮೂರು ಬಗೆಯ ವಸ್ತುಗಳಲ್ಲಿ ಉಳಿದುಕೊಂಡಿವೆ. ಅಜ್ಜಂದಿರ ಕಾಲದ್ದು ಕಪ್ಪು-ಬಿಳುಪು ಛಾಯಾಚಿತ್ರ, ತಂದೆಯವರ ಕಾಲದ್ದು ವಿಎಚ್‌ಎಸ್ ಕ್ಯಾಸೆಟ್ಟು, ನಮ್ಮ ಕಾಲದ್ದು ಡಿವಿಡಿ. ಸೋಜಿಗದ ಸಂಗತಿಯೆಂದರೆ, ಇವುಗಳಲ್ಲಿ ಅತಿ ಹಳೆಯದಾದ ಛಾಯಾಚಿತ್ರವನ್ನು ನೋಡುವುದಕ್ಕೆ ಇಂದಿಗೂ ಕಣ್ಣಿದ್ದರೆ ಸಾಕು. ಉಳಿದೆರಡಕ್ಕೆ ಯಂತ್ರ ಬೇಕು. ಆ ಯಂತ್ರವೋ ಅಂಗಡಿಗಳಿಂದ ಮಾಯವಾಗುತ್ತಿದೆ. ವಿಸಿಆರ್ ತಯಾರಿಕೆ 2016ರಲ್ಲಿ ನಿಂತುಹೋಯಿತು. ಈಚಿನ ಲ್ಯಾಪ್‌ಟಾಪುಗಳಲ್ಲಿ ಡಿವಿಡಿ ಹಾಕುವ ಬಾಯಿಯೇ ಇಲ್ಲ.

ಅಹಮದಾಬಾದು, ವಡೋದರ, ಸೂರತ್ ಈ ಮೂರು ಊರುಗಳ ಕನ್ನಡ ಬಳಗಗಳಲ್ಲಿ ಹಲವು ವರ್ಷಗಳ ರಾಜ್ಯೋತ್ಸವ, ಯಕ್ಷಗಾನ, ನಾಟಕ, ಮಕ್ಕಳ ಹಾಡು-ಕುಣಿತ ಎಲ್ಲವೂ ಡಿವಿಡಿಗಳಲ್ಲಿ ಕುಳಿತಿವೆ. ಅವನ್ನು ಕಂಪ್ಯೂಟರಿನ ಫೈಲುಗಳನ್ನಾಗಿ ಮಾಡಬೇಕೆಂಬ ಮಾತು ಕಾರ್ಯಕಾರಿ ಸಮಿತಿಯ ಸಭೆಗಳಲ್ಲಿ ಬರುತ್ತಲೇ ಇರುತ್ತದೆ. ಬಂದೊಡನೆ ಯಾರಾದರೊಬ್ಬ ತರುಣ ಎದ್ದು, "ಅದೇನು ಮಹಾ, ಒಂದು ಸಾಫ್ಟ್‌ವೇರ್ ಹಾಕಿ ಗುಂಡಿ ಒತ್ತಿದರಾಯಿತು" ಎನ್ನುತ್ತಾನೆ. ಗುಂಡಿ ಒತ್ತುವುದು ನಿಜವಾಗಿಯೂ ಸುಲಭ. ಆದರೆ ಒತ್ತುವ ಮೊದಲು ಆ ಸಾಫ್ಟ್‌ವೇರು ಕೆಲವು ಪ್ರಶ್ನೆಗಳನ್ನು ಕೇಳುತ್ತದೆ. ಕೋಡೆಕ್ ಯಾವುದು? ಗುಣಮಟ್ಟದ ಅಂಕಿ ಎಷ್ಟು? ಸೆಕೆಂಡಿಗೆ ಎಷ್ಟು ಚಿತ್ರ? ಇವಕ್ಕೆ ಕೊಡುವ ಉತ್ತರದಲ್ಲಿಯೇ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬುದು ತೀರ್ಮಾನವಾಗಿಬಿಡುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಈ ಪ್ರಶ್ನೆಗಳು ಹುಟ್ಟಿಕೊಂಡುದಕ್ಕೆ ಐವತ್ತು ವರ್ಷಗಳ ಚರಿತ್ರೆಯುಂಟು. ಅದರ ಒಂದು ಎಳೆ ಬೆಂಗಳೂರಿನಿಂದಲೂ ಇನ್ನೊಂದು ಎಳೆ ನಾವಿರುವ ಈ ಅಹಮದಾಬಾದಿನಿಂದಲೂ ಹೊರಡುವುದರಿಂದ ನಮ್ಮ ವಾಚಕರ ಮುಂದೆ ಅದನ್ನು ಇಡಬೇಕೆನ್ನಿಸಿತು.

ಮೊದಲು ಸ್ವಲ್ಪ ಲೆಕ್ಕ. ನಮ್ಮ ದೇಶದ ಟಿವಿ ಪದ್ಧತಿಯ ಡಿವಿಡಿಯಲ್ಲಿ ಒಂದು ಚಿತ್ರವೆಂದರೆ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳು. ಒಟ್ಟು 4,14,720 ಚುಕ್ಕೆ. ಬೆಳಕಿಗೆ ಒಂದು ಬೈಟು, ಬಣ್ಣಕ್ಕೆ ಸರಾಸರಿ ಅರ್ಧ ಬೈಟು ಎಂದು ಹಿಡಿದರೆ ಒಂದು ಚಿತ್ರಕ್ಕೆ 6,22,080 ಬೈಟು. ಸೆಕೆಂಡಿಗೆ ಇಂಥ 25 ಚಿತ್ರ. ಒಂದು ಗಂಟೆಯ ಕಾರ್ಯಕ್ರಮಕ್ಕೆ ಸುಮಾರು 56 ಜಿಬಿ ಆಯಿತು. ಡಿವಿಡಿಯಲ್ಲಿ ಹಿಡಿಯುವುದು 4.7 ಜಿಬಿ, ಅಂದರೆ ಇದ್ದಂತೆಯೇ ಬರೆದರೆ ಐದು ನಿಮಿಷವೂ ಪೂರ್ತಿ ಹಿಡಿಸುತ್ತದೋ ಇಲ್ಲವೋ. ಸ್ವಾಗತ ಭಾಷಣ ಮುಗಿಯುವುದರೊಳಗೆ ಡಿಸ್ಕು ತುಂಬಿಹೋಗಬೇಕು! ಅಂಥ ಡಿಸ್ಕಿನಲ್ಲಿ ಎರಡು ಗಂಟೆಯ ನಾಟಕ ಕುಳಿತಿದೆಯೆಂದರೆ ಯಾರೋ ಅದನ್ನು ಇಪ್ಪತ್ತನಾಲ್ಕು ಪಾಲು ಕುಗ್ಗಿಸಿದ್ದಾರೆಂದೇ ಅರ್ಥ. ಡಿವಿಡಿಯಲ್ಲಿರುವುದು ಮೂಲಪ್ರತಿಯೆಂದು ನಾವು ತಿಳಿದಿರುತ್ತೇವೆ. ಅದು ಆಗಲೇ ಒಮ್ಮೆ ಸೋಸಿದ ಪ್ರತಿ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಕೆಲಸಕ್ಕೆ ಬರುತ್ತದೆ.

ಈ ಕುಗ್ಗಿಸುವ ವಿದ್ಯೆಯ ಬೇರು ಬೆಂಗಳೂರಿನ ಒಬ್ಬ ಹುಡುಗನಲ್ಲಿದೆ. ನಾಸಿರ್ ಅಹಮದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಬಿಷಪ್ ಕಾಟನ್ ಶಾಲೆಯಲ್ಲಿ ಓದಿದರು. ವಿಶ್ವೇಶ್ವರಯ್ಯನವರು 1917ರಲ್ಲಿ ಆರಂಭಿಸಿದ, ಕೆ. ಆರ್. ವೃತ್ತದ ಇಂಜಿನಿಯರಿಂಗ್ ಕಾಲೇಜಿನಿಂದ 1961ರಲ್ಲಿ ಪದವಿ ಪಡೆದು ಅಮೆರಿಕೆಗೆ ಹೋದರು. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಡಾಕ್ಟರೇಟ್ ಮುಗಿಸಿ, ಎರಡು ವರ್ಷ ಹನಿವೆಲ್ ಕಂಪೆನಿಯಲ್ಲಿದ್ದು, 1968ರಲ್ಲಿ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಬಂದರು. 1972ರಲ್ಲಿ ಅವರಿಗೊಂದು ಯೋಚನೆ ಹೊಳೆಯಿತು: ಚಿತ್ರದ ಚುಕ್ಕೆಗಳನ್ನು ಕೊಸೈನ್ ಅಲೆಗಳ ಮೊತ್ತವನ್ನಾಗಿ ಬರೆದರೆ ಬಹುಪಾಲು ವಿಷಯ ಕೆಲವೇ ಅಂಕಿಗಳಲ್ಲಿ ಬಂದು ಕೂಡಬಹುದಲ್ಲವೆ ಎಂದು. ಅದನ್ನು ಪರೀಕ್ಷಿಸಲು ಹಣ ಕೋರಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಈ ಯೋಚನೆ ತೀರಾ ಸರಳವಾಯಿತು ಎಂಬ ಅರ್ಥದ ಷರಾ ಪರಿಶೀಲಕರೊಬ್ಬರಿಂದ ಬಂದಿತ್ತೆಂದು ಅವರೇ 1991ರಲ್ಲಿ ಬರೆದಿದ್ದಾರೆ. ಇಪ್ಪತ್ತು ವರ್ಷ ಕಡತಗಳ ನಡುವೆ ಕಳೆದ ನಮ್ಮಂಥವರಿಗೆ ಇದನ್ನು ಓದಿದಾಗ ನಗುವೂ ಬಂತು, ಸ್ವಲ್ಪ ಎದೆಯೂ ಹಗುರಾಯಿತು. ತಿರಸ್ಕಾರದ ಷರಾ ಬರೆಯುವ ಕಲೆ ಭಾರತ ಸರ್ಕಾರಕ್ಕೆ ಮಾತ್ರ ಮೀಸಲಲ್ಲ!

ಅಹಮದರು ಬಿಡಲಿಲ್ಲ. ತಮ್ಮ ಶಿಷ್ಯ ಟಿ. ನಟರಾಜನ್ ಮತ್ತು ಟೆಕ್ಸಾಸಿನ ಆರ್ಲಿಂಗ್ಟನ್‌ನಲ್ಲಿದ್ದ ಗೆಳೆಯ ಕೆ. ಆರ್. ರಾವ್ ಅವರೊಡನೆ ಕೆಲಸ ಮುಂದುವರಿಸಿದರು. 1974ರ ಜನವರಿಯಲ್ಲಿ ಅಮೆರಿಕದ ಇಂಜಿನಿಯರುಗಳ ಸಂಸ್ಥೆಯ ಕಂಪ್ಯೂಟರ್ ಪತ್ರಿಕೆಯಲ್ಲಿ ಮೂವರ ಹೆಸರಿನಲ್ಲಿ ನಾಲ್ಕು ಪುಟಗಳ ಒಂದು ಲೇಖನ ಪ್ರಕಟವಾಯಿತು. ಹೆಸರು 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್'. ಇಂದು ಮೊಬೈಲಿನಲ್ಲಿ ತೆಗೆದ ಫೋಟೊ, ಡಿವಿಡಿಯ ಸಿನಿಮಾ, ದೂರದ ಮಗಳೊಡನೆ ವೀಡಿಯೊದಲ್ಲಿ ಆಡುವ ಮಾತು ಎಲ್ಲದರ ಹೊಟ್ಟೆಯಲ್ಲಿ ಆ ನಾಲ್ಕು ಪುಟಗಳೇ ಇವೆ. 2021ರಲ್ಲಿ ಅಮೆರಿಕದ ಜನಪ್ರಿಯ ಧಾರಾವಾಹಿಯೊಂದು ನಾಸಿರ್ ಅಹಮದರ ಮತ್ತು ಅವರ ಪತ್ನಿಯ ಕಥೆಯನ್ನು ಒಂದು ಕಂತಿನಲ್ಲಿ ತಂದ ಮೇಲೆ ಹಲವರಿಗೆ ಅವರ ಹೆಸರು ತಿಳಿಯಿತು. ಬೆಂಗಳೂರಿನಲ್ಲಿಯೇ ಅವರ ಹೆಸರು ಹೇಳಬಲ್ಲವರು ಎಷ್ಟು ಮಂದಿಯೋ.

ಅವರ ಉಪಾಯವನ್ನು ಗಣಿತವಿಲ್ಲದೆ ಹೇಳಲು ಪ್ರಯತ್ನಿಸುತ್ತೇವೆ. ಒಂದು ಕಚೇರಿಯಲ್ಲಿ ಎಂಟು ಸಾಲು, ಸಾಲಿಗೆ ಎಂಟು ಮಂದಿ, ಒಟ್ಟು 64 ಗುಮಾಸ್ತರು ಕುಳಿತಿದ್ದಾರೆಂದು ಇಟ್ಟುಕೊಳ್ಳಿ. ಅವರ ಸಂಬಳವನ್ನು ಮೇಲಿನ ಕಚೇರಿಗೆ ತಿಳಿಸಬೇಕು. 64 ಅಂಕಿ ಬರೆಯಬಹುದು. ಅಥವಾ ಮೊದಲು ಸರಾಸರಿ ಸಂಬಳ ಬರೆದು, ಆಮೇಲೆ ಎಡಗಡೆಯವರಿಗೂ ಬಲಗಡೆಯವರಿಗೂ ಇರುವ ಅಂತರ, ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ಇರುವ ಅಂತರ, ಆಮೇಲೆ ಇನ್ನೂ ಸಣ್ಣ ಸಣ್ಣ ಏರಿಳಿತ ಹೀಗೆ ಬರೆಯುತ್ತ ಹೋಗಬಹುದು. ಇದರಲ್ಲಿಯೂ ಅಂಕಿ 64ಏ. ಆದರೆ ಅಕ್ಕಪಕ್ಕದವರ ಸಂಬಳ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಮೊದಲ ನಾಲ್ಕಾರು ಅಂಕಿ ದೊಡ್ಡವಾಗಿಯೂ ಉಳಿದವು ಸೊನ್ನೆಗೆ ಹತ್ತಿರವಾಗಿಯೂ ಬರುತ್ತವೆ. ಸೊನ್ನೆಗೆ ಹತ್ತಿರವಾದುದನ್ನು ಸೊನ್ನೆಯೆಂದೇ ಬರೆದರೆ ಮೇಲಿನವರಿಗೆ ಗೊತ್ತಾಗುವುದೂ ಇಲ್ಲ, ಅಂಚೆ ವೆಚ್ಚವೂ ಉಳಿಯಿತು. ಚಿತ್ರವನ್ನು 8 ಚುಕ್ಕೆಗೆ 8 ಚುಕ್ಕೆಯ ಚೌಕಗಳಾಗಿ ಕತ್ತರಿಸಿ ಡಿವಿಡಿ ಮಾಡುವುದು ಇದನ್ನೇ. ಎಷ್ಟು ಚಿಕ್ಕ ಅಂಕಿಯನ್ನು ಸೊನ್ನೆ ಮಾಡಬಹುದು ಎಂಬುದೇ ಆ ಸಾಫ್ಟ್‌ವೇರು ಕೇಳುವ 'ಗುಣಮಟ್ಟ'. ಬಹಳ ಸೊನ್ನೆ ಮಾಡಿದರೆ ಗೋಡೆಯ ಮೇಲೆ, ಮುಖದ ಮೇಲೆ ಚೌಕಚೌಕವಾದ ಕಲೆಗಳು ಏಳುತ್ತವೆ. ಕಳಪೆ ಡಿಸ್ಕುಗಳಲ್ಲಿ ಎಲ್ಲರೂ ಇದನ್ನು ನೋಡಿರುತ್ತಾರೆ.

ಇನ್ನೊಂದು ಉಪಾಯ ಸಂಬಳದ ಬಿಲ್ಲು ಮಾಡುವವರಿಗೆ ತಾನಾಗಿ ಹೊಳೆಯುವಂಥದು. ಪ್ರತಿ ತಿಂಗಳೂ ಎಲ್ಲರ ಸಂಬಳವನ್ನು ಹೊಸದಾಗಿ ಲೆಕ್ಕ ಹಾಕುವುದಿಲ್ಲ. ಕಳೆದ ತಿಂಗಳಂತೆ ಎಂದು ಹಿಡಿದು, ಬಡ್ತಿ, ರಜೆ, ವರ್ಗಾವಣೆಗಳ ವ್ಯತ್ಯಾಸವನ್ನಷ್ಟೆ ತೋರಿಸುತ್ತಾರೆ. ಡಿವಿಡಿಯಲ್ಲಿಯೂ ಸುಮಾರು ಅರ್ಧ ಸೆಕೆಂಡಿಗೊಮ್ಮೆ ಒಂದು ಪೂರ್ಣ ಚಿತ್ರ, ನಡುವೆ ವ್ಯತ್ಯಾಸಗಳು ಮಾತ್ರ. ಹೀಗಾಗಿ ಅಲುಗಾಡದೆ ನಿಂತು ಮಾತಾಡುವ ಸಭಾಧ್ಯಕ್ಷರು ಅತ್ಯಲ್ಪ ಜಾಗದಲ್ಲಿ ಹಿಡಿಸುತ್ತಾರೆ. ಅವರ ಮಾತು ಮಾತ್ರ ಹಿಡಿಸುವುದಿಲ್ಲ. ಯಕ್ಷಗಾನದ ವೇಷಧಾರಿ ಗಿರಕಿ ಹೊಡೆದರೆ, ಇಲ್ಲವೆ ನವರಾತ್ರಿಯಲ್ಲಿ ಗರ್ಬಾ ಸುತ್ತು ಏರಿದರೆ ಎಲ್ಲ ಚುಕ್ಕೆಯೂ ಬದಲಾಗಿ, ವ್ಯತ್ಯಾಸವೇ ಪೂರ್ಣ ಚಿತ್ರದಷ್ಟಾಗುತ್ತದೆ.

ಈಗ ಅಹಮದಾಬಾದಿಗೆ ಬರೋಣ. ಆ ನಾಲ್ಕು ಪುಟ ಪ್ರಕಟವಾದ 1974ರಲ್ಲಿಯೇ, ಮೇ 30ರಂದು, ಅಮೆರಿಕದ ಎಟಿಎಸ್-6 ಉಪಗ್ರಹ ಆಕಾಶಕ್ಕೇರಿತು. ಮರುವರ್ಷ ಅದನ್ನು ಭಾರತಕ್ಕೆ ಕಾಣುವ ಜಾಗಕ್ಕೆ ಸರಿಸಿ, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ 'ಸೈಟ್' ಎಂಬ ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗವನ್ನು ನಡೆಸಿದರು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಕೊಡುವ ಯೋಜನೆ. ಕರ್ನಾಟಕದ ಪಾಲಿಗೆ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಬಂದವು. ಹಳ್ಳಿಯ ಪಂಚಾಯತಿ ಕಟ್ಟೆಯ ಮೇಲೋ ಶಾಲೆಯ ಮೇಲೋ ಹತ್ತು ಅಡಿ ಅಗಲದ, ಕೋಳಿಗೂಡಿಗೆ ಹಾಕುವಂಥ ಜಾಲರಿಯಿಂದ ಮಾಡಿದ ಆಂಟೆನಾ. ಕೆಳಗೆ ಟಿವಿ ಪೆಟ್ಟಿಗೆ. ಸುತ್ತ ಊರಿಗೆ ಊರು. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಬೇಸಾಯ, ಆರೋಗ್ಯ, ಹಾಡು. ಆ ಚಿತ್ರವನ್ನು ಉಪಗ್ರಹಕ್ಕೆ ಏರಿಸುತ್ತಿದ್ದುದು ನಮ್ಮ ಅಹಮದಾಬಾದಿನ ಭೂಕೇಂದ್ರ. ಯಶಪಾಲರ ನಿರ್ದೇಶನದಲ್ಲಿದ್ದ ಇಲ್ಲಿನ ಬಾಹ್ಯಾಕಾಶ ಅನ್ವಯ ಕೇಂದ್ರವೂ, ಇ. ವಿ. ಚಿಟ್ನಿಸರ ತಂಡವೂ ಈ ಕೆಲಸವನ್ನು ಹೊತ್ತವು. ಈ ಊರಿನಲ್ಲಿ ಕನ್ನಡ ಕಿವಿಗೆ ಬೀಳುವುದೇ ಅಪರೂಪವಾಗಿದ್ದ ಕಾಲದಲ್ಲಿ ಸಾಬರಮತಿ ದಂಡೆಯ ಊರಿನಿಂದ ದಿನವೂ ಕನ್ನಡ ಆಕಾಶಕ್ಕೆ ಏರಿ ರಾಯಚೂರಿನ ಹಳ್ಳಿಯಲ್ಲಿ ಇಳಿಯುತ್ತಿತ್ತು.

ಇಲ್ಲಿ ಗಮನಿಸಬೇಕಾದುದು ಒಂದಿದೆ. ಉಪಗ್ರಹದಲ್ಲಿ ಚಿತ್ರಕ್ಕೆ ಒಂದೇ ಮಾರ್ಗ, ಧ್ವನಿಗೆ ಎರಡು. ಆದುದರಿಂದ ಆಂಧ್ರ ಮತ್ತು ಕರ್ನಾಟಕದ ಹಳ್ಳಿಗಳಿಗೆ ಒಂದೇ ಚಿತ್ರವನ್ನು ಕಳಿಸಿ, ಒಂದು ಧ್ವನಿ ಮಾರ್ಗದಲ್ಲಿ ತೆಲುಗನ್ನೂ ಇನ್ನೊಂದರಲ್ಲಿ ಕನ್ನಡವನ್ನೂ ಹಾಕಿದರು. ಇಪ್ಪತ್ತು ವರ್ಷದ ನಂತರ ಡಿವಿಡಿ ಬಂದಾಗ ಒಂದೇ ಚಿತ್ರಕ್ಕೆ ಎಂಟು ಭಾಷೆಯವರೆಗೆ ಧ್ವನಿ ಕೂಡಿಸಬಹುದೆಂದು ಜಗತ್ತು ಬೆರಗಾಯಿತು. ಬಿಜಾಪುರದ ರೈತರಿಗೆ ಅದು ಹಳೆಯ ಸುದ್ದಿ. ಆ ಕಾಲದಲ್ಲಿ ಚಿತ್ರವನ್ನು ಕುಗ್ಗಿಸುವ ಉಪಾಯ ಕಾಗದದ ಮೇಲಷ್ಟೆ ಇತ್ತು. ಕುಗ್ಗಿಸಿದ್ದರೆ ಅದೇ ಮಾರ್ಗದಲ್ಲಿ ಹಲವು ಭಾಷೆಗಳಿಗೆ ಹಲವು ಚಿತ್ರ ಕಳಿಸಬಹುದಿತ್ತು. ಇಂದು ನಮ್ಮ ಮನೆಯ ಡಿಶ್‌ನಲ್ಲಿ ನೂರಾರು ಚಾನೆಲ್ ಬರುವುದು ಈ ಕಾರಣದಿಂದಲೇ.

ಸೈಟ್ ಜೊತೆಯಲ್ಲಿಯೇ ಖೇಡಾ ಜಿಲ್ಲೆಯ ಪೀಜ್ ಗ್ರಾಮದಲ್ಲಿ ಒಂದು ಚಿಕ್ಕ ಪ್ರಸಾರ ಕೇಂದ್ರ ಎದ್ದು ಬಹಳ ವರ್ಷ ಹಳ್ಳಿಗರಿಗಾಗಿ ಕೆಲಸ ಮಾಡಿತು. ವಡೋದರದ ಗುಜರಾತ್ ಕಮ್ಯುನಿಕೇಷನ್ಸ್ ಅಂಡ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ದೂರದರ್ಶನದ ಚಿಕ್ಕ ಪ್ರಸಾರ ಯಂತ್ರಗಳನ್ನು ತಯಾರಿಸಿತು. ಒಟ್ಟಿನಲ್ಲಿ ಬಟ್ಟೆ, ವಜ್ರ, ಎಣ್ಣೆ ಎಂದಷ್ಟೆ ನಾವು ತಿಳಿದಿರುವ ಈ ನಾಡಿಗೆ ಚಲಿಸುವ ಚಿತ್ರದ ಚರಿತ್ರೆಯಲ್ಲಿಯೂ ಪಾಲುಂಟು.

ಕೊಸೈನ್ ಉಪಾಯ ಕಾಗದದಿಂದ ಅಂಗಡಿಗೆ ಬರಲು ಹದಿನೈದು ವರ್ಷಕ್ಕೂ ಮೇಲೆ ಹಿಡಿಯಿತು. 1988ರಲ್ಲಿ ಎಂಪೆಗ್ ಎಂಬ ಅಂತರರಾಷ್ಟ್ರೀಯ ತಜ್ಞರ ಸಮಿತಿ ಕೂಡಿತು. 1993ರಲ್ಲಿ ಅದರ ಮೊದಲ ಪ್ರಮಾಣ ಬಂತು. ವೀಡಿಯೊ ಸಿಡಿಯಲ್ಲಿರುವುದು ಅದೇ. ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆ, ಸೆಕೆಂಡಿಗೆ 1150 ಕಿಲೋಬಿಟ್, ಒಂದು ಡಿಸ್ಕಿಗೆ 74 ನಿಮಿಷ. ಬೆಂಗಳೂರಿಗೆ ಹೋದವರು ರಾಜ್‌ಕುಮಾರ್ ಚಿತ್ರಗಳ ವಿಸಿಡಿಗಳನ್ನು ತರುತ್ತಿದ್ದರು; ಮೊದಲ ಡಿಸ್ಕು ಮುಗಿದು ಎರಡನೆಯದನ್ನು ಹಾಕುವ ವಿರಾಮದಲ್ಲಿ ಕಾಫಿಯಾಗುತ್ತಿತ್ತು. 1996ರಲ್ಲಿ ಜಪಾನಿನಲ್ಲಿ ಡಿವಿಡಿ ಮಾರಾಟಕ್ಕೆ ಬಂತು, ಅದರಲ್ಲಿರುವುದು ಎಂಪೆಗ್-2. ನಮ್ಮ ದೇಶದಲ್ಲಿ ಅದು ಮನೆಮನೆಗೆ ಹೋದದ್ದು ತಡವಾಗಿ. 2007ರ ಸುಮಾರಿಗೆ ಮೋಸರ್ ಬೇಯರ್ ಕಂಪೆನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದಾಗ ಕಳ್ಳಪ್ರತಿಗಳ ಬೆಲೆಗೇ ಅಸಲಿ ಸಿಗುವಂತಾಯಿತು. ಆ ಕಂಪೆನಿಯೂ 2018ರಲ್ಲಿ ಮುಚ್ಚಿತು.

ಈ ನಡುವೆ ಕಂಪ್ಯೂಟರಿನವರು ಸುಮ್ಮನಿರಲಿಲ್ಲ. ಡಿವಿಡಿಯ ಸಿನಿಮಾವನ್ನು 700 ಎಂಬಿಯ ಒಂದು ಸಿಡಿಯೊಳಗೆ ತುರುಕುವುದು 2000ದ ಆಸುಪಾಸಿನಲ್ಲಿ ಒಂದು ಹುಚ್ಚಾಗಿಬಿಟ್ಟಿತ್ತು. ಫ್ರಾನ್ಸಿನ ಜೆರೋಮ್ ರೋಟಾ ಎಂಬ ತರುಣ ಮೈಕ್ರೋಸಾಫ್ಟಿನ ಎಂಪೆಗ್-4 ಕೋಡೆಕ್ ಒಂದನ್ನು ಬಿಚ್ಚಿ ತಿದ್ದಿ ಡಿವ್‌ಎಕ್ಸ್ ಎಂದು ಹಂಚಿದ. 2001ರಲ್ಲಿ ಅದಕ್ಕೆ ಪ್ರತಿಯಾಗಿ ಎಕ್ಸ್‌ವಿಡ್ ಹುಟ್ಟಿತು. ಎರಡು ಗಂಟೆಯ ಚಿತ್ರ 700 ಎಂಬಿಗೆ ಹಿಡಿಯಬೇಕಾದರೆ ಧ್ವನಿಯೂ ಸೇರಿ ಸೆಕೆಂಡಿಗೆ ಸುಮಾರು 800 ಕಿಲೋಬಿಟ್ ಮಾತ್ರ ದೊರೆಯುತ್ತದೆ. 'ಬಿಟ್‌ರೇಟ್' ಎಂಬ ಪದ ಎಲ್ಲರ ಬಾಯಲ್ಲಿ ನೆಲೆಸಿದ್ದು ಆಗಲೇ. ಡಬ್ಬದ ಅಳತೆ ಮೊದಲು, ಅನ್ನ ಆಮೇಲೆ. ಸಿಡಿಯೇ ಹೋಗಿ ವರ್ಷಗಳಾದರೂ ಫೈಲು ಇಷ್ಟೇ ಎಂಬಿಗೆ ಬರಬೇಕೆಂದು ಹಟ ಹಿಡಿಯುವವರು ಇನ್ನೂ ಇದ್ದಾರೆ. 2003ರಲ್ಲಿ ಎಚ್.264 ಎಂಬ ಹೊಸ ಪ್ರಮಾಣ, 2013ರಲ್ಲಿ ಎಚ್.265, 2018ರಲ್ಲಿ ಎವಿ1 ಬಂದವು. ಎಲ್ಲದರಲ್ಲಿಯೂ ಅಹಮದರ ಕೊಸೈನು ವೇಷ ಬದಲಿಸಿಕೊಂಡು ಇದ್ದೇ ಇದೆ.

ನಮ್ಮ ಬಳಗದ ಡಿಸ್ಕುಗಳ ಮಾತಿಗೆ ಬಂದರೆ, ಅವಸರಕ್ಕೆ ಕಾರಣಗಳಿವೆ. ಅಂಗಡಿಯಿಂದ ತಂದ ಸಿನಿಮಾ ಡಿಸ್ಕಿನಲ್ಲಿ ಗುರುತುಗಳನ್ನು ಕಾರ್ಖಾನೆಯಲ್ಲಿ ಒತ್ತಿರುತ್ತಾರೆ. ಸ್ಟುಡಿಯೊದವರು ಬರೆದುಕೊಟ್ಟ ಡಿಸ್ಕಿನಲ್ಲಿರುವುದು ಬಣ್ಣದ ಒಂದು ತೆಳುಪದರ. ಲೇಸರ್ ಅದನ್ನು ಸುಟ್ಟು ಗುರುತು ಮಾಡಿರುತ್ತದೆ. ಬಿಸಿಲು, ಸೆಕೆ, ತೇವ ಆ ಬಣ್ಣಕ್ಕೆ ವೈರಿಗಳು. ಮೇ ತಿಂಗಳ ಅಹಮದಾಬಾದಿನಲ್ಲಿ ಟೆರೇಸಿನ ಕೆಳಗಿನ ಕೋಣೆಯ ಕಬ್ಬಿಣದ ಕಪಾಟು ಹೇಗಿರುತ್ತದೆಂದು ವಾಚಕರಿಗೆ ಹೇಳಬೇಕಾಗಿಲ್ಲ. ಮೇಲೆ ಗೆರೆಯೊಂದೂ ಇಲ್ಲದ, ಹೊಸದರಂತೆ ಹೊಳೆಯುವ ಡಿಸ್ಕು ನಡುವೆ ನಿಂತು ಮುಂದಕ್ಕೆ ಹೋಗದಿರುವುದನ್ನು ನಾವು ಕಂಡಿದ್ದೇವೆ.

ಸೂರತ್ತಿನವರ ಸಂಕಟ ಬೇರೆ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರು ತಾಪಿಯಲ್ಲಿ ಉಕ್ಕಿ ಊರಿನ ಬಹುಭಾಗವನ್ನು ಮುಳುಗಿಸಿತು. ನೆಲಮಹಡಿಯ ಮನೆಗಳಲ್ಲಿದ್ದ ಕ್ಯಾಸೆಟ್ಟುಗಳು ಕೆಸರಾದವು. ಕೆಸರು ಕುಡಿದ ಟೇಪನ್ನು ಬದುಕಿಸುವುದು ಬಲು ಕಷ್ಟ. ಡಿವಿಡಿಯನ್ನು ತೊಳೆದು ಒರಸಬಹುದು. ಆದರೆ ಅದು ಎರಡು ತೆಳು ಬಿಲ್ಲೆಗಳನ್ನು ಅಂಟಿಸಿ ಮಾಡಿದ್ದು, ಅಂಚಿನಲ್ಲಿ ನೀರು ಒಳಗೆ ಹೋದರೆ ಆಸೆಯಿಲ್ಲ. ಅಲ್ಲಿಯ ಒಂದು ಮನೆಯಲ್ಲಿ ತಂದೆಯವರು ವೇಷ ಕಟ್ಟಿದ ಪ್ರಸಂಗದ ಕ್ಯಾಸೆಟ್ಟು ಹೋಯಿತು. ಅದರಿಂದ ಮೊದಲೇ ಮಾಡಿಸಿದ್ದ ಡಿವಿಡಿಯೊಂದು ವಡೋದರದ ಮಗಳ ಮನೆಯಲ್ಲಿ ಉಳಿದಿತ್ತು. ವಡೋದರದಲ್ಲಿ ವಿಶ್ವಾಮಿತ್ರಿ 2019ರಲ್ಲಿಯೂ 2024ರಲ್ಲಿಯೂ ಮನೆಗಳಿಗೆ ನುಗ್ಗಿತು. ಆ ಡಿಸ್ಕು ಮೂರನೆಯ ಮಹಡಿಯಲ್ಲಿದ್ದುದರಿಂದ ಪಾರಾಯಿತು. ಈಗ ತಂದೆಯವರಿಲ್ಲ. ಅವರ ಅರ್ಥಗಾರಿಕೆ ಕೇಳಬೇಕೆಂದರೆ ಆ ಒಂದು ಡಿಸ್ಕು.

ಹಾಗಾದರೆ ಏನು ಮಾಡಬೇಕು? ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕಡತ ಮುಗಿದ ಮೇಲೆ ಅದಕ್ಕೊಂದು ವರ್ಗ ಕೊಡುತ್ತೇವೆ. ಎ ವರ್ಗದ್ದನ್ನು ಶಾಶ್ವತವಾಗಿ ಇಟ್ಟು ಮೈಕ್ರೋಫಿಲ್ಮ್ ಮಾಡಬೇಕು. ಬಿ ವರ್ಗದ್ದನ್ನು ಇಡಬೇಕು, ಫಿಲ್ಮ್ ಬೇಡ. ಸಿ ವರ್ಗದ್ದನ್ನು ಕೆಲವು ವರ್ಷ ಇಟ್ಟು ತೆಗೆದುಹಾಕಬಹುದು. ಈ ಪದ್ಧತಿ ಇಲ್ಲಿಯೂ ಸಲ್ಲುತ್ತದೆ. ಡಿವಿಡಿಯೊಳಗಿನ ಎಂಪೆಗ್-2 ಚಿತ್ರವನ್ನು ಒಂದು ಬಿಟ್ಟೂ ಮುಟ್ಟದೆ ಹಾಗೆಯೇ ಹಾರ್ಡ್‌ಡಿಸ್ಕಿಗೆ ಇಳಿಸಿದರೆ ಅದು ಎ ವರ್ಗ. ಅದನ್ನು ಕುಗ್ಗಿಸಿ ನೋಡಲು ಹಂಚುವ ಫೈಲು ಸಿ ವರ್ಗ. ನಾಳೆ ಇನ್ನೂ ಒಳ್ಳೆಯ ಕೋಡೆಕ್ ಬಂದರೆ ಎ ವರ್ಗದಿಂದ ಹೊಸದನ್ನು ಮಾಡಿಕೊಳ್ಳಬಹುದು. ಎ ವರ್ಗವನ್ನು ಇಡದೆ ಸಿ ವರ್ಗವನ್ನಷ್ಟೆ ಇಟ್ಟುಕೊಂಡು ಡಿಸ್ಕನ್ನು ಎಸೆದರೆ, ಮುಂದೆ ಮಾಡುವುದೆಲ್ಲ ಸೋಸಿದ್ದನ್ನು ಮತ್ತೆ ಸೋಸುವ ಕೆಲಸ. ಟೈಪ್‌ರೈಟರ್ ಕಾಲದವರು ಐದನೆಯ ಕಾರ್ಬನ್ ಪ್ರತಿಯನ್ನು ನೆನೆಸಿಕೊಳ್ಳಲಿ. ಜಾಗದ ಚಿಂತೆ ಮಾಡುವವರು ಇದನ್ನು ಲೆಕ್ಕ ಹಾಕಲಿ: ಪೂರ್ತಿ ತುಂಬಿದ ಇನ್ನೂರು ಡಿವಿಡಿ ಸೇರಿದರೂ 940 ಜಿಬಿ, ಅಂದರೆ ಒಂದು ಟೆರಾಬೈಟಿನ ಒಳಗೇ ಆಯಿತು. ಅಂಗೈಯಗಲದ ಒಂದು ಹಾರ್ಡ್‌ಡಿಸ್ಕು.

ನೋಡುವ ಪ್ರತಿಗೆ ಎಚ್.264 ಸಾಕೆಂದು ನಮ್ಮ ಅಭಿಪ್ರಾಯ. ಎಚ್.265 ಮತ್ತು ಎವಿ1 ಇನ್ನೂ ಚಿಕ್ಕದಾಗಿ ಮಾಡುತ್ತವೆ, ನಿಜ. ಅವುಗಳ ಹಿರಿಮೆ ದೊಡ್ಡ ಚಿತ್ರಗಳಲ್ಲಿ ಎದ್ದು ಕಾಣುತ್ತದೆ. 576 ಸಾಲಿನ ಹಳೆಯ ಚಿತ್ರದಲ್ಲಿ ಉಳಿಯುವುದು ಕೆಲವು ನೂರು ಎಂಬಿ. ಅಷ್ಟಕ್ಕಾಗಿ ಮಣಿನಗರದ ಹಿರಿಯರೊಬ್ಬರ ಹಳೆಯ ಟಿವಿಗೆ ಪೆನ್‌ಡ್ರೈವ್ ಚುಚ್ಚಿದಾಗ ಕಪ್ಪು ಪರದೆ ಬರುವಂತೆ ಮಾಡುವುದರಲ್ಲಿ ಅರ್ಥವಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಎಂಬಿಯನ್ನೋ ಬಿಟ್‌ರೇಟನ್ನೋ ಹೇಳದೆ, ಸ್ಥಿರ ಗುಣಮಟ್ಟ ಎಂಬುದನ್ನು ಆರಿಸಬೇಕು. ಅಲ್ಲಿಯ ಅಂಕಿ 0ಯಿಂದ 51ರವರೆಗೆ. ಚಿಕ್ಕದಾದಷ್ಟೂ ಚಿತ್ರ ಒಳ್ಳೆಯದು. ಆರು ಅಂಕಿ ಇಳಿಸಿದರೆ ಫೈಲು ಸುಮಾರು ಎರಡರಷ್ಟಾಗುತ್ತದೆ. ಡಿವಿಡಿ ಅಳತೆಗೆ 18ರಿಂದ 22 ಎಂಬುದು ಆ ಸಾಫ್ಟ್‌ವೇರಿನವರದೇ ಸಲಹೆ. ನಾವು ಭಾಷಣಗಳಿಗೆ 21, ಯಕ್ಷಗಾನಕ್ಕೆ 18 ಇಡುತ್ತೇವೆ. ಭಾಷಣ ತಾನಾಗಿ ಚಿಕ್ಕದಾಗುತ್ತದೆ, ಯಕ್ಷಗಾನ ತನಗೆ ಬೇಕಾದಷ್ಟು ಜಾಗ ತೆಗೆದುಕೊಳ್ಳುತ್ತದೆ. ಹಳೆಯ ಬಿಟ್‌ರೇಟ್ ಪದ್ಧತಿಯಲ್ಲಿ ಇಬ್ಬರಿಗೂ ಸಮಪಾಲು ಸಿಗುತ್ತಿತ್ತು. ಅದು ನ್ಯಾಯವೆಂದು ತೋರಿದರೂ ನ್ಯಾಯವಲ್ಲ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನಮ್ಮ ಕ್ಯಾಮರಾದವರು ಚಿತ್ರಿಸಿದ್ದು ಸೆಕೆಂಡಿಗೆ 25 ಪೂರ್ಣ ಚಿತ್ರವಲ್ಲ, 50 ಅರ್ಧ ಚಿತ್ರ. ಮೊದಲು ಒಂದು ಬಿಟ್ಟು ಒಂದು ಸಾಲು, ಆಮೇಲೆ ಬಿಟ್ಟ ಸಾಲು. ಹಳೆಯ ಟಿವಿಯಲ್ಲಿ ಇದು ತಿಳಿಯುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಎರಡನ್ನೂ ಸುಮ್ಮನೆ ಹೆಣೆದರೆ ತಿರುಗುವ ಕಿರೀಟದ ಅಂಚಿನಲ್ಲಿ ಬಾಚಣಿಗೆಯ ಹಲ್ಲು ಮೂಡುತ್ತದೆ. ಅನೇಕರು ಅರ್ಧ ಸಾಲುಗಳನ್ನು ಎಸೆದು 25 ಚಿತ್ರ ಮಾಡಿಬಿಡುತ್ತಾರೆ; ಹಲ್ಲು ಹೋಗುತ್ತದೆ, ಕುಣಿತದ ಬಳುಕೂ ಹೋಗುತ್ತದೆ. ಅರ್ಧ ಚಿತ್ರಗಳನ್ನು ಬಿಡಿಸಿ 50 ಪೂರ್ಣ ಚಿತ್ರ ಮಾಡುವ 'ಬಾಬ್' ಎಂಬ ಆಯ್ಕೆಯಿದೆ. ಅದನ್ನೇ ಒತ್ತಬೇಕು. ಇನ್ನು ಡಿವಿಡಿಯ ಚುಕ್ಕೆ ಚೌಕವಲ್ಲವಾದ್ದರಿಂದ, ಅದರ ಆಕಾರದ ಗುರುತನ್ನು ಬಿಟ್ಟುಬಿಟ್ಟರೆ ವೇದಿಕೆಯ ಮೇಲಿನವರೆಲ್ಲ ಸ್ವಲ್ಪ ತೆಳ್ಳಗಾಗುತ್ತಾರೆ, ಅಗಲ ಟಿವಿಗೆ ಎಳೆದರೆ ದಪ್ಪಗಾಗುತ್ತಾರೆ. ಮೊದಲನೆಯದಕ್ಕೆ ಕೆಲವರ ಆಕ್ಷೇಪವಿಲ್ಲ.

ಧ್ವನಿಯನ್ನು ಕುಗ್ಗಿಸಲೇಬಾರದು. ಸೆಕೆಂಡಿಗೆ 192 ಕಿಲೋಬಿಟ್ಟಿನ ಧ್ವನಿ ಗಂಟೆಗೆ 86 ಎಂಬಿ ಆದೀತು, ಅಷ್ಟೆ. ಇದ್ದಂತೆಯೇ ನಕಲು ಮಾಡಿ ಎಂದು ಹೇಳಿದರೆ ಸಾಫ್ಟ್‌ವೇರು ಹಾಗೆಯೇ ಮಾಡುತ್ತದೆ. ಮಂಜಾದ ಮುಖವನ್ನು ನೆನಪು ತುಂಬಿಕೊಡುತ್ತದೆ, ಕೆಟ್ಟ ಧ್ವನಿಯನ್ನು ತುಂಬಿಕೊಡುವುದಿಲ್ಲ. ನಮ್ಮ ಮಕ್ಕಳು ಗುಜರಾತಿ ಚೆನ್ನಾಗಿ ಬಲ್ಲರು; ಧಾರವಾಡದ ಅಜ್ಜಿ 'ಹೌದವ್ವಾ' ಎನ್ನುವುದು ಹೇಗೆಂದು, ಕುಂದಾಪುರದವರು ಜಗಳವಾಡಿದರೆ ಎಷ್ಟು ಇಂಪೆಂದು ಅವರಿಗೆ ತಿಳಿಯಬೇಕಾದರೆ ಈ ಡಿಸ್ಕುಗಳನ್ನೇ ಕೇಳಬೇಕು.

ಇದೆಲ್ಲ ನಮ್ಮವೇ ಆದ ಕಾರ್ಯಕ್ರಮಗಳ ಮಾತು. ಅಂಗಡಿಯ ಸಿನಿಮಾ ಡಿಸ್ಕಿನ ಬೀಗ ಒಡೆಯುವುದು 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯಿದೆಯ 65ಎ ಕಲಮಿನ ವ್ಯಾಪ್ತಿಗೆ ಬರಬಹುದು. ಆ ಕಡೆಗೆ ನಾವು ಹೋಗುವುದಿಲ್ಲ.

ಒಂದು ಸ್ಟುಡಿಯೊದವರು ನಮಗೆ ಹಿಂದೆ ಆರು ಗಂಟೆಯ ಟೇಪನ್ನು ಒಂದೇ ಡಿವಿಡಿಗೆ ತುಂಬಿಕೊಟ್ಟು, ಟೇಪು ಹಳತಾಯಿತೆಂದು ಎಸೆದುಬಿಟ್ಟರು. ಆ ಡಿಸ್ಕಿನಲ್ಲಿ ಸೆಕೆಂಡಿಗೆ ದೊರೆತಿರುವುದು 1.7 ಮೆಗಾಬಿಟ್ ಮಾತ್ರ, ಮುಖಗಳೆಲ್ಲ ಚೌಕಗಳಾಗಿವೆ. ಯಾವ ಕೋಡೆಕ್ಕೂ ಇದನ್ನು ಸರಿಪಡಿಸಲಾರದು. ಅದನ್ನೂ ಎ ವರ್ಗದಲ್ಲಿಯೇ ಇಟ್ಟಿದ್ದೇವೆ, ಬೇರೆ ಪ್ರತಿ ಇಲ್ಲದ್ದರಿಂದ.

ಪ್ರತಿಯೊಂದು ಹಾರ್ಡ್‌ಡಿಸ್ಕಿಗೂ ಮೂರು ನಕಲು ಮಾಡಿ ಅಹಮದಾಬಾದು, ವಡೋದರ, ಸೂರತ್ತಿನಲ್ಲಿ ಒಂದೊಂದು ಇಡುವುದೆಂದು ಮೂರೂ ಬಳಗದವರು ಒಪ್ಪಿದ್ದಾರೆ. ನೆಲಮಹಡಿಯಲ್ಲಿ ಇಡಕೂಡದೆಂಬ ಷರತ್ತನ್ನು ಸೇರಿಸಿದವರು ಸೂರತ್ತಿನವರು. ಉಳಿದಿರುವುದು ಹೆಸರುಗಳ ಕೆಲಸ. ಪೆಟ್ಟಿಗೆಯಲ್ಲಿರುವ ಎಷ್ಟೋ ಡಿಸ್ಕುಗಳ ಮೇಲೆ 'ನಾಟಕ' ಎಂದೋ 'ಪ್ರೋಗ್ರಾಂ 2' ಎಂದೋ ಬರೆದಿದೆ, ವರ್ಷವಿಲ್ಲ. ವೇದಿಕೆಯ ಮೇಲಿರುವವರನ್ನು ಗುರುತಿಸಬಲ್ಲವರಲ್ಲಿ ಹಲವರಿಗೆ ಈಗ ಎಂಬತ್ತು ದಾಟಿದೆ. ಭಾನುವಾರಗಳಂದು ಬೆಳಿಗ್ಗೆ ಹತ್ತರಿಂದ ಸಂಘದ ಕೋಣೆಯಲ್ಲಿ ಈ ಫೈಲುಗಳನ್ನು ಒಂದೊಂದಾಗಿ ಹಾಕಿ ತೋರಿಸಲಾಗುವುದು. ಬಂದವರು ಕಂಡವರ ಹೆಸರು, ಊರು, ಕಟ್ಟಿದ ಪಾತ್ರ ಇವನ್ನು ಬರೆಸಬೇಕು. ಬರಲಾಗದವರ ಮನೆಗೆ ಲ್ಯಾಪ್‌ಟಾಪು ಹೊತ್ತು ತರಲು ಇಬ್ಬರು ತರುಣರು ಸಿದ್ಧರಿದ್ದಾರೆ. ಮುಂಚಿತವಾಗಿ ತಿಳಿಸಿದರೆ ಸಾಕು.